ಮೂವತ್ತೆರಡು ಅಡಿಯ ಪರವಾಗಿ

ಹಾಯಿದೋಣಿ ಕೊಳ್ಳಲು ಹೊರಟವರಿಗೆ ಬಂದರಿನಲ್ಲಿ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ಕೈಯಲ್ಲಿರುವ ದುಡ್ಡಿಗೆ ಎಷ್ಟು ಉದ್ದದ್ದು ಬರುತ್ತದೋ ಅಷ್ಟು ಉದ್ದದ್ದು ತಗೊಳ್ಳಿ. ಈ ಮಾತನ್ನು ಒರೆಗೆ ಹಚ್ಚಿ ನೋಡಲು ದೂರ ಹೋಗಬೇಕಿಲ್ಲ. ಭಾರತದ ಪಶ್ಚಿಮ ಕರಾವಳಿಯಲ್ಲೇ ಕಟ್ಟಿದ ಎರಡು ದೋಣಿಗಳು ಒಬ್ಬನೇ ನಾವಿಕನನ್ನು ಹೊತ್ತು, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿ ಬಂದಿವೆ.

ಮೊದಲನೆಯದು ‘ಸುಹೈಲಿ’. ಮುಂಬೈಯ ಬಡಗಿಗಳು 1960ರ ದಶಕದ ಆರಂಭದಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. ಉದ್ದ ಸುಮಾರು 32 ಅಡಿ. ಎರಡನೆಯದು ನೌಕಾಪಡೆಗಾಗಿ ಗೋವಾದ ದಿವಾರ್ ದ್ವೀಪದಲ್ಲಿ ಕಟ್ಟಿದ 56 ಅಡಿಯ ‘ಮ್ಹಾದೇಯಿ’. ಹೆಸರು ಕನ್ನಡಿಗರಿಗೆ ಹೊಸದಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗುವ ಮಹದಾಯಿಯೇ ಅದು. ನದಿಯ ಹೆಸರು ಕೇಳಿದರೆ ನೆನಪಾಗುವುದು ನ್ಯಾಯಮಂಡಳಿ ಮಾತ್ರ ಎಂಬಂತಾಗಿದೆ, ಇರಲಿ.

ಸುಹೈಲಿಯಲ್ಲಿ ರಾಬಿನ್ ನಾಕ್ಸ್-ಜಾನ್ಸ್ಟನ್ 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು 312 ದಿನಗಳಲ್ಲಿ ಮರಳಿದರು. ಮ್ಹಾದೇಯಿಯಲ್ಲಿ ಅಭಿಲಾಷ್ ಟಾಮಿ 2012ರ ನವೆಂಬರ್ 1ರಂದು ಮುಂಬೈಯಿಂದ ಹೊರಟು ಮಾರ್ಚ್ ಕೊನೆಗೆ ವಾಪಸಾದರು. ಒಂದಕ್ಕೆ ಹತ್ತು ತಿಂಗಳು, ಇನ್ನೊಂದಕ್ಕೆ ಐದು. ದಾರಿ ಬೇರೆ, ಕಾಲ ಬೇರೆ, ದೋಣಿಯ ತಳದ ವಿನ್ಯಾಸವೂ ಬೇರೆ. ಆದರೂ ವ್ಯತ್ಯಾಸದಲ್ಲಿ ಉದ್ದದ ಪಾಲೂ ಇದೆ.

ನೀರನ್ನು ಸೀಳಿ ಸಾಗುವ ಭಾರದ ದೋಣಿಗೆ ತನ್ನದೇ ಅಲೆ ಒಂದು ಬೇಲಿ ಹಾಕುತ್ತದೆ. ನೀರಿಗೆ ತಾಗಿದ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್ ಅದರ ಮಿತಿ. ಈ ಉದ್ದ 28 ಅಡಿ ಇರುವ ದೋಣಿ ಏಳು ನಾಟ್‌ಗೆ ಏದುಸಿರು ಬಿಡುತ್ತದೆ; 49 ಅಡಿಯದು ಒಂಬತ್ತು ದಾಟುತ್ತದೆ. ಹಾಯಿ ಹೆಚ್ಚಿಸಿ ಈ ಬೇಲಿ ಹಾರಲು ಆಗದು. ಆದ್ದರಿಂದಲೇ ಬೇರೆ ಬೇರೆ ಉದ್ದದ ದೋಣಿಗಳು ಒಟ್ಟಿಗೆ ಸ್ಪರ್ಧಿಸುವಾಗ ಪ್ರತಿಯೊಂದಕ್ಕೂ ಒಂದು ಅಂಕ ಕೊಟ್ಟು, ಓಡಿದ ಸಮಯವನ್ನು ಅದರಿಂದ ತಿದ್ದುತ್ತಾರೆ. ಮೊದಲು ಗೆರೆ ಮುಟ್ಟಿದವರೇ ಗೆದ್ದರು ಎನ್ನುವಂತಿಲ್ಲ. ದೊಡ್ಡ ದೋಣಿ ಕೊಂಡು ಕಪ್ ಗೆಲ್ಲುತ್ತೇನೆ ಎಂಬುವರು ಇದನ್ನು ಕೊಳ್ಳುವ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ವೇಗದ ಮಾತು ಇಲ್ಲಿಗೆ ಮುಗಿಯಿತು. ಕೊಳ್ಳುವವರು ಲೆಕ್ಕ ಹಾಕದೆ ಬಿಡುವುದು ಭಾರವನ್ನು. ಒಂದೇ ಆಕಾರದ ದೋಣಿಯ ಉದ್ದ ಎರಡು ಪಟ್ಟಾದರೆ ಹಾಯಿಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಹಗ್ಗ ಎಳೆಯುವ ಕೈ ಮಾತ್ರ ಅಷ್ಟೇ ಇರುತ್ತದೆ. ಆ ಕೊರತೆ ತುಂಬಲು ದೊಡ್ಡ ವಿಂಚ್, ವಿದ್ಯುತ್ ಯಂತ್ರ, ಅದಕ್ಕೆ ಬ್ಯಾಟರಿ. ಇವುಗಳಲ್ಲಿ ಯಾವುದು ನಡುಸಮುದ್ರದಲ್ಲಿ ಕೈಕೊಟ್ಟರೂ ಮನುಷ್ಯನ ಬಲಕ್ಕೆ ನಿಲುಕದ ಕೆಲಸ ಎದುರು ನಿಲ್ಲುತ್ತದೆ.

ಸುಹೈಲಿಯ ಕಥೆಯಲ್ಲಿ ಕೇಳಬೇಕಾದದ್ದು ಇಲ್ಲಿದೆ. ಅಟ್ಲಾಂಟಿಕ್‌ನಲ್ಲಿ ಹಲಗೆಗಳ ಸಂದಿಯಿಂದ ನೀರು ಒಳಗೆ ಬರತೊಡಗಿದಾಗ ನಾಕ್ಸ್-ಜಾನ್ಸ್ಟನ್ ಸಮುದ್ರಕ್ಕೆ ಇಳಿದು, ಉಸಿರು ಬಿಗಿಹಿಡಿದು ಮುಳುಗಿ ಮುಳುಗಿ ಆ ಸಂದಿಯನ್ನು ಮುಚ್ಚಿದರು. ತಾನಾಗಿ ದಿಕ್ಕು ಹಿಡಿಸುವ ಸಲಕರಣೆ ಆಸ್ಟ್ರೇಲಿಯಾದ ಹತ್ತಿರ ಮುರಿದು ಹೋಯಿತು. ಉದ್ದದ ಕೀಲ್ ಇದ್ದ ದೋಣಿಯಾದ್ದರಿಂದ ಹಾಯಿಗಳನ್ನೇ ಹೊಂದಿಸಿ ನೇರ ನಡೆಸಿದರು. ವಾಸ್ತವದಲ್ಲಿ ಅವರಿಗೆ ಬೇಕಿದ್ದುದು 53 ಅಡಿಯ ಉಕ್ಕಿನ ದೋಣಿ, ದುಡ್ಡು ಕೂಡಲಿಲ್ಲ. ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಮುಗಿಸಿದವರು ಅವರೊಬ್ಬರೇ.

ಮ್ಹಾದೇಯಿಯದೇ ವಿನ್ಯಾಸದ ‘ತಾರಿಣಿ’ಯಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 2017-18ರಲ್ಲಿ ಭೂಮಿ ಸುತ್ತಿದಾಗ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು, ಯೋಜನೆಯಲ್ಲಿಲ್ಲದ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಇದು ದೋಣಿಯ ನಿಂದೆಯಲ್ಲ. ಹಿಂದೆ ನೌಕಾಪಡೆಯಿತ್ತು, ಮುಂದೆ ಬಂದರಿತ್ತು. ಸ್ವಂತ ಉಳಿತಾಯದಲ್ಲಿ ಹೊರಡುವ ದಂಪತಿಗೆ ಇವೆರಡೂ ಇರುವುದಿಲ್ಲ.

ಚಿಕ್ಕದರ ವಕಾಲತ್ತು ಮಾಡುವವರು 2018ನ್ನೂ ಮರೆಯಬಾರದು. ಸುಹೈಲಿಯ ಪ್ರತಿರೂಪವಾಗಿ ಗೋವಾದಲ್ಲಿ ಕಟ್ಟಿದ ‘ತುರೀಯ’ದಲ್ಲಿ ಟಾಮಿ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೋದರು. ಮೂರನೇ ಸ್ಥಾನದಲ್ಲಿದ್ದಾಗ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿ ದೋಣಿಯನ್ನು ಉರುಳಿಸಿತು. ಕೂವೆಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನಗಳ ಮೇಲೆ ಫ್ರೆಂಚ್ ಹಡಗೊಂದು ಬಂದು ಎತ್ತಿಕೊಂಡಿತು. ಆ ವರ್ಷ ಮೊದಲ ಮೂರು ಸ್ಥಾನ ಪಡೆದವು ಒಂದೇ ಮಾದರಿಯ 36 ಅಡಿಯ ದೋಣಿಗಳು. 2022ರಲ್ಲಿ ಟಾಮಿ ಅದೇ ಮಾದರಿಯದನ್ನು ತೆಗೆದುಕೊಂಡು ಎರಡನೆಯವರಾಗಿ ಬಂದರು. ನಾಲ್ಕೇ ಅಡಿ. ದಕ್ಷಿಣ ಸಾಗರದಲ್ಲಿ ಓಡುವವರಿಗೆ ಆ ನಾಲ್ಕು ಅಡಿಯನ್ನು ಬೇಡ ಎನ್ನುವ ಧೈರ್ಯ ಯಾರಿಗೂ ಬೇಡ.

ಆದರೆ ದೋಣಿ ಕೊಳ್ಳುವವರೆಲ್ಲ ಕೇಪ್ ಹಾರ್ನ್‌ಗೆ ಹೋಗುವುದಿಲ್ಲ. ಬಹುಪಾಲು ಮಂದಿ ಮುಂಬೈಯಿಂದ ಅಲಿಬಾಗಿಗೆ, ಎದೆಗಾರಿಕೆ ಇದ್ದರೆ ಗೋವಾಕ್ಕೆ, ಕಾರವಾರಕ್ಕೆ. ಇಂಥ ಪಯಣಕ್ಕೆ ಒಂಬತ್ತು ನಾಟ್ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರು ಬಂದು ಅರ್ಧ ಗಂಟೆಯೊಳಗೆ ಹಾಯಿ ಏರಿಸಿ ಹೊರಡುವಂತಿರಬೇಕು. ಐವತ್ತಾರು ಅಡಿಯದಕ್ಕೆ ನಾಲ್ಕು ಜನರನ್ನು ಕೂಡಿಸಬೇಕು, ಮೂವರು ಒಪ್ಪಿ ನಾಲ್ಕನೆಯವರಿಗೆ ಮದುವೆ ಇರುತ್ತದೆ. ದೋಣಿ ಲಂಗರಿನಲ್ಲೇ ಪಾಚಿ ಕಟ್ಟುತ್ತದೆ.

ಮತ್ತೆ ಮಳೆಗಾಲ. ಮೇ ಮುಗಿಯುವಷ್ಟರಲ್ಲಿ ಮುಂಬೈಯ ಹಾಯಿದೋಣಿಗಳು ದಡ ಸೇರಬೇಕು. ಚಿಕ್ಕ ದೋಣಿಯನ್ನು ಎತ್ತುವ ಕ್ರೇನ್ ಸುಲಭಕ್ಕೆ ಸಿಗುತ್ತದೆ, ಜಾಗವೂ ಸಿಗುತ್ತದೆ, ಅದರ ತಳ ಉಜ್ಜಲು ಒಂದು ಶನಿವಾರ ಮತ್ತು ಇಬ್ಬರು ಗೆಳೆಯರು ಸಾಕು. ದೊಡ್ಡದಕ್ಕೆ ಪ್ರತಿ ವರ್ಷ ಬಿಲ್ಲು ಬರುತ್ತದೆ.