ಯೂನಿಯನ್ ಅಂದ್ರ ಬೈಗುಳೇನು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಈ ಮೂರೂ ಊರಿನ ಪೇಟೆಯಲ್ಲಿ ಒಂದು ಮಾತುಂಟು: ‘ಏನ್ರಲೇ, ಯೂನಿಯನ್ ಮಾಡಾಕ ಹತ್ತೀರೇನು?’ ಚೀಲಕ್ಕೆ ಒಂದು ರೂಪಾಯಿ ಹೆಚ್ಚು ಕೇಳಿದ ಹಮಾಲನಿಗೂ ಇದೇ ಮಾತು. ಉಚ್ಚೆಗೆ ಹೋಗಲು ಒಂದು ಮರೆ ಕೇಳಿದ ಹೆಣ್ಣಾಳಿಗೂ ಇದೇ ಮಾತು.

ಅದೇ ಸಾಹುಕಾರರು ಒಟ್ಟು ಸೇರಿದರೆ ಅದು ‘ವರ್ತಕರ ಸಂಘ’. ಅದಕ್ಕೆ ಬೋರ್ಡು, ಅಧ್ಯಕ್ಷರು, ಹಾರ, ಶಾಲು. ಅವರು ಅಂಗಡಿ ಮುಚ್ಚಿದರೆ ‘ವಹಿವಾಟು ಬಂದ್’. ನಾವು ಚೀಲ ಎತ್ತದಿದ್ದರೆ ‘ಸೊಕ್ಕು’. ಕಾನೂನು ಏನು ಹೇಳುತ್ತದೆ? 1926ರ ಟ್ರೇಡ್ ಯೂನಿಯನ್ ಕಾಯ್ದೆ ಆಳುಗಳ ಕೂಟವನ್ನೂ ಮಾಲಕರ ಕೂಟವನ್ನೂ ಒಂದೇ ಹೆಸರಿನಿಂದ ಕರೆದಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದೇ ಅರ್ಥ. ಹಾಗಾದರೆ ಯೂನಿಯನ್ ಮಾಡುವವರಲ್ಲಿ ಸಾಹುಕಾರರೂ ಇದ್ದಾರೆ. ಬೈಗುಳ ಮಾತ್ರ ನಮ್ಮ ಪಾಲಿಗೆ!

ಗೆಳೆಯರೇ, ನಮ್ಮ ಮನೆಯೊಳಗೂ ಸ್ವಲ್ಪ ನೋಡೋಣ. ನನ್ನವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಿ ನನ್ನನ್ನು ಬಿ.ಎ. ಓದಿಸಿದಳು. ತೂಕದ ಮೇಲೆ ಕೂಲಿ. ರಾತ್ರಿ ಉರಿಯುವ ಅಂಗೈಯನ್ನು ತಣ್ಣನೆಯ ಗೋಡೆಗೆ ಒತ್ತಿ ಮಲಗುತ್ತಿದ್ದಳು. ಅಲ್ಲೊಂದು ಕೂಲಿಕಾರರ ಸಂಘವೂ ಇತ್ತು. ಅವ್ವನನ್ನು ಯಾರೂ ಕರೆಯಲಿಲ್ಲ. ‘ಹೆಂಗಸರಿಗ್ಯಾಕ ಸಂಘ?’ ಅಂದರು. ಸಂಘದವರು ಕುಡಿಯುವ ನೀರಿನ ಕೊಡ ಬೇರೆ, ನಮ್ಮ ಕೇರಿಯವರದು ಬೇರೆ. ಬಾವುಟ ಒಂದು, ಕೊಡ ಎರಡು!

ಇದು ಇಂದಿನದಲ್ಲ. 1928ರಲ್ಲಿ ಮುಂಬೈ ಗಿರಣಿಗಳ ದೊಡ್ಡ ಮುಷ್ಕರ ನಡೆಯಿತು. ಆಗ ನಮ್ಮ ಈ ಮೂರೂ ಊರು ಮುಂಬೈ ಪ್ರಾಂತದಲ್ಲೇ ಇದ್ದವು. ಆ ಗಿರಣಿಗಳ ನೇಯ್ಗೆ ಖಾತೆಯಲ್ಲಿ ಅಸ್ಪೃಶ್ಯರಿಗೆ ಕೆಲಸವಿರಲಿಲ್ಲ. ನೂಲಿಗೆ ಬಾಯಿ ತಾಗಿಸಬೇಕು, ಎಂಜಲಾಗುತ್ತದೆ ಎಂಬುದೇ ಕಾರಣ. ತಡೆದವರು ಮಾಲಕರಷ್ಟೇ ಅಲ್ಲ, ಜೊತೆಯ ಕಾರ್ಮಿಕರೇ. ಅದನ್ನು ಎತ್ತಿ ಕೇಳಿದವರು ಬಾಬಾಸಾಹೇಬರು. 1938ರಲ್ಲಿ ಮನ್ಮಾಡಿನಲ್ಲಿ ದಲಿತ ರೈಲ್ವೆ ಕಾರ್ಮಿಕರಿಗೆ ಅವರು ತೋರಿಸಿದ ಶತ್ರುಗಳು ಎರಡು: ಬ್ರಾಹ್ಮಣಶಾಹಿ, ಬಂಡವಾಳಶಾಹಿ. ನಮ್ಮ ಸಂಘಗಳು ಎರಡನೆಯದನ್ನು ಬೈದು ಮೊದಲನೆಯದನ್ನು ಮನೆಯಲ್ಲಿ ಸಾಕಿಕೊಂಡಿವೆ.

ಸಂಘ ಎಂದರೆ ಏನೆಂದು ಬುದ್ಧ ತೋರಿಸಿಕೊಟ್ಟಿದ್ದಾನೆ. ಕ್ಷೌರಿಕ ಉಪಾಲಿ ಮೊದಲು ಸೇರಿದ. ಅವನ ಹಿಂದೆ ಬಂದ ಶಾಕ್ಯ ರಾಜಕುಮಾರರು ಅವನಿಗೆ ತಲೆ ಬಾಗಬೇಕಾಯಿತು. ತುಂಬು ಬಿಡಿಸುವ ಅವ್ವನಿಗೆ ಮೊದಲ ಜಾಗ ಕೊಡದ ಸಂಘ ಸಂಘವಲ್ಲ, ಇನ್ನೊಂದು ಜಾತಿ.

ಸಾಹುಕಾರ ಮತ್ತೆ ಕೇಳಲಿ. ‘ಹೌದು, ಯೂನಿಯನ್ ಮಾಡಾಕ ಹತ್ತೀವಿ’ ಎಂದು ಎದೆ ಸೆಟೆಸಿ ಹೇಳೋಣ. ಅದಕ್ಕೂ ಮೊದಲು ಆ ಎರಡನೇ ಕೊಡ ಒಡೆದು ಬರೋಣ.