ಹತ್ತು ನಿಮಿಷದ ಗಾಳಿಗೆ ಒಂದು ಹಗೇವು

ಮೇ ತಿಂಗಳು ಬಂತೆಂದರೆ ತಿಪಟೂರಿನಿಂದ ಫೋನು ಶುರು. ಚಿಕ್ಕಪ್ಪ, ಸೋದರತ್ತೆ, ಹೈಸ್ಕೂಲಿನ ಗೆಳತಿಯರು, ಎಲ್ಲರದೂ ಒಂದೇ ಪ್ರಶ್ನೆ: ‘ಈ ವರ್ಷ ಎಷ್ಟು ಬಂದವೇ?’ ಬಂದವು ಅಂದರೆ ಟಾರ್ನೆಡೊಗಳು. ನಾನಿರುವುದು ಅಮೆರಿಕದ ಓಕ್ಲಹೋಮ ರಾಜ್ಯದ ನಾರ್ಮನ್ ಊರಿನಲ್ಲಿ. ಇಡೀ ದೇಶಕ್ಕೆ ಟಾರ್ನೆಡೊ ಮುನ್ಸೂಚನೆ ಹೊರಡುವ ಕೇಂದ್ರವೂ ಇದೇ ಊರಿನಲ್ಲಿದೆ. ಆದ್ದರಿಂದ ಲೆಕ್ಕವೆಲ್ಲ ನನ್ನ ಕೈಯಲ್ಲೇ ಇರುತ್ತದೆ ಎಂದು ನಮ್ಮವರ ನಂಬಿಕೆ.

ಲೆಕ್ಕ ಹೇಳುವುದೇನೂ ಕಷ್ಟವಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200, ನಮ್ಮ ರಾಜ್ಯಕ್ಕೆ ಐವತ್ತು ಅರವತ್ತು. 2004ರಲ್ಲಿ ದೇಶದ ಲೆಕ್ಕ 1,800 ದಾಟಿತ್ತು. ಕೇಳಿದವರು ‘ಅಯ್ಯೋ ಶಿವನೇ’ ಅನ್ನುತ್ತಾರೆ. ಐವತ್ತು ವರ್ಷದ ಹಿಂದೆ ಇಷ್ಟಿರಲಿಲ್ಲವಂತಲ್ಲ ಎಂದೂ ಕೇಳುತ್ತಾರೆ. ಇದ್ದವು, ಕಂಡವರಿರಲಿಲ್ಲ. ಗೋಧಿ ಹೊಲದ ನಡುವೆ ಎದ್ದು ಅಲ್ಲೇ ಸತ್ತುಹೋಗುವ ಸಣ್ಣ ಗಾಳಿಯನ್ನೂ ಈಗ ರೇಡಾರ್ ಹಿಡಿಯುತ್ತದೆ, ದಾರಿಹೋಕರ ಫೋನು ಹಿಡಿಯುತ್ತದೆ. ಬಲವಾದ ಗಾಳಿಗಳ ಸಂಖ್ಯೆ ಹಾಗೆ ಏರಿಲ್ಲ. ಅತಿ ಘೋರವಾದವಂತೂ ಅಪರೂಪ. 2013ರ ಮೇ 20ರಂದು ನಮ್ಮ ಪಕ್ಕದೂರು ಮೂರ್‌ಗೆ ಹೊಡೆದದ್ದರ ನಂತರ ಐದನೆಯ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಟಾರ್ನೆಡೊ ಮತ್ತೆ ದಾಖಲಾಗಿದ್ದು 2025ರ ಜೂನ್‌ನಲ್ಲಿ, ಉತ್ತರ ಡಕೋಟದ ಎಂಡರ್ಲಿನ್ ಎಂಬ ಸಣ್ಣ ಊರಿನ ಬಳಿ. ನಡುವೆ ಹನ್ನೆರಡು ವರ್ಷ.

ನಮ್ಮ ಕನ್ನಡ ಪತ್ರಿಕೆಗಳ ಮೇಲೂ ನನಗೊಂದು ತಕರಾರಿದೆ. ಫ್ಲಾರಿಡಾಕ್ಕೆ ಸಮುದ್ರದಿಂದ ಬಂದು ದಿನಗಟ್ಟಲೆ ಹೊಡೆಯುವುದೂ ಚಂಡಮಾರುತ, ಓಕ್ಲಹೋಮದ ಮೋಡದ ಹೊಟ್ಟೆಯಿಂದ ಇಳಿದು ಹತ್ತು ನಿಮಿಷದಲ್ಲಿ ಮುಗಿಯುವುದೂ ಚಂಡಮಾರುತ. ಸುಂಟರಗಾಳಿ ಎಂದರಾದರೂ ವಾಸಿ. ಆದರೆ ಆ ಹೆಸರು ಕೇಳಿದರೆ ನನಗೆ ನೆನಪಾಗುವುದು ಬೇಸಿಗೆಯಲ್ಲಿ ಒಣ ಹೊಲದ ಮೇಲೆ ತರಗೆಲೆ, ಧೂಳು ಎತ್ತಿಕೊಂಡು ಗಿರಗಿರನೆ ತಿರುಗುವ ಗಾಳಿ. ಅದರೊಳಗೆ ದೆವ್ವ ಇದೆ ಎಂದು ಅಜ್ಜಿ ನಮ್ಮನ್ನು ಜಗಲಿ ಇಳಿಯಲು ಬಿಡುತ್ತಿರಲಿಲ್ಲ. ಅದು ಕಾದ ನೆಲದಿಂದ ಏಳುವ ಗಾಳಿ, ಮೇಲೆ ಮೋಡವೇ ಬೇಕಿಲ್ಲ. ಇದು ಗುಡುಗಿನ ಮೋಡ ಹೆತ್ತದ್ದು. ಪದ ಏನೇ ಇರಲಿ, ಎಷ್ಟು ಹೊತ್ತಿನ ಗಾಳಿ ಎಂಬುದು ಓದುಗರಿಗೆ ಗೊತ್ತಾಗಬೇಕು. ನನ್ನ ಮಾತೆಲ್ಲ ಇರುವುದು ಆ ಹೊತ್ತಿನ ಬಗ್ಗೆಯೇ.

ಬಹುಪಾಲು ಟಾರ್ನೆಡೊಗಳ ಆಯುಸ್ಸು ಹತ್ತು ನಿಮಿಷದೊಳಗೆ. 1925ರ ಮಾರ್ಚ್ 18ರಂದು ಮಿಸ್ಸೌರಿ, ಇಲಿನಾಯ್, ಇಂಡಿಯಾನ ರಾಜ್ಯಗಳನ್ನು ಸೀಳಿಕೊಂಡು ಹೋದದ್ದು ಮೂರೂವರೆ ಗಂಟೆ ನೆಲ ಬಿಡಲಿಲ್ಲ, 695 ಜನ ಸತ್ತರು, ಅದು ಶತಮಾನಕ್ಕೊಂದು. ಆದರೆ ಗಾಳಿಯ ಆಯುಸ್ಸು ಬೇರೆ, ಒಂದು ಮನೆಯ ಮೇಲೆ ಅದು ಹಾಯುವ ಹೊತ್ತು ಬೇರೆ. ಐವತ್ತು ಮೀಟರ್ ಅಗಲದ ಗಾಳಿ ಗಂಟೆಗೆ ಸುಮಾರು ಐವತ್ತು ಕಿಲೋಮೀಟರ್ ವೇಗದಲ್ಲಿ ಸಾಗಿತೆನ್ನಿ. ಒಂದು ಸೂರನ್ನು ದಾಟಲು ಅದಕ್ಕೆ ಬೇಕಾದದ್ದು ನಾಲ್ಕು ಸೆಕೆಂಡು. ಪಕ್ಕದೂರು ಮೂರ್‌ನಲ್ಲಿ 2013ರಲ್ಲಿ ಹೊಡೆದದ್ದು 39 ನಿಮಿಷ ಬದುಕಿ 22 ಕಿಲೋಮೀಟರ್ ಸಾಗಿತು. ಅದು ಅತಿ ಅಗಲವಾಗಿದ್ದ ಕಡೆಯಲ್ಲೂ ಒಂದು ಮನೆಗೆ ಎರಡು ಮೂರು ನಿಮಿಷ ಅಷ್ಟೆ. ಆ ಮೂರು ನಿಮಿಷ ನೀವು ಎಲ್ಲಿದ್ದಿರಿ ಎಂಬುದೊಂದೇ ಪ್ರಶ್ನೆ.

ಅಂದು ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟದ್ದು ಮಧ್ಯಾಹ್ನ 2:40ಕ್ಕೆ. ಗಾಳಿ ನೆಲ ಮುಟ್ಟಿದ್ದು 2:56ಕ್ಕೆ. ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೆಗೆ ಬರುವ ಹೊತ್ತಿಗೆ ಎಚ್ಚರಿಕೆ ಕೊಟ್ಟು ಅರ್ಧ ಗಂಟೆಯ ಮೇಲಾಗಿತ್ತು. ಶಾಲೆಯಲ್ಲಿ ಏಳು ಮಕ್ಕಳು ಸತ್ತರು. ಹೊತ್ತು ಬೇಕಾದಷ್ಟಿತ್ತು, ಬಚ್ಚಿಟ್ಟುಕೊಳ್ಳಲು ಜಾಗ ಇರಲಿಲ್ಲ. ಮೂರ್‌ಗೆ ಇದು ಹೊಸದೂ ಅಲ್ಲ. 1999ರಲ್ಲಿ ಇದೇ ಊರಿನ ಮೇಲೆ ಹಾದ ಗಾಳಿಯ ವೇಗವನ್ನು ಗಂಟೆಗೆ ಸುಮಾರು 480 ಕಿಲೋಮೀಟರ್ ಎಂದು ರೇಡಾರ್ ಅಳೆದಿತ್ತು.

ಶಾಲೆಯ ಮಕ್ಕಳು ಸತ್ತ ವರ್ಷವೇ ನಾವು ಗ್ಯಾರೇಜಿನ ನೆಲ ಒಡೆಸಿ ಉಕ್ಕಿನ ಪೆಟ್ಟಿಗೆ ಹೂಳಿಸಿದೆವು. ಮೇಲೆ ಜಾರುವ ಮುಚ್ಚಳ, ಅದರ ಮೇಲೆ ಕಾರು ನಿಲ್ಲುತ್ತದೆ. ಖರ್ಚು ಮೂರು ಸಾವಿರ ಡಾಲರ್ ಮುಟ್ಟಿತು. ಮೂರು ವರ್ಷದ ನಂತರ ಬಂದ ಅಮ್ಮ ಬಗ್ಗಿ ನೋಡಿ, ‘ಹಗೇವು ತೋಡಿಸಿದೀಯಲ್ಲೇ! ರಾಗಿ ಎಲ್ಲಿ?’ ಅಂದಳು. ಊರಲ್ಲಿ ಕಾಳು ತುಂಬಿಡುವ ನೆಲಗುಂಡಿಯ ಹೆಸರು ಅದು; ಅಂದಿನಿಂದ ನಮ್ಮ ಮನೆಯಲ್ಲಿ ಈ ಪೆಟ್ಟಿಗೆಯ ಹೆಸರೇ ಹಗೇವು. ಇಲ್ಲೇ ಹುಟ್ಟಿದ ಮಗನೂ ಹಾಗೇ ಅನ್ನುತ್ತಾನೆ. ಒಂದು ಸಂಜೆ ಸೈರನ್ ಕೂಗಿದಾಗ ಅಮ್ಮ ಇಳಿಯಲು ಒಪ್ಪಲಿಲ್ಲ. ಮುಚ್ಚಳ ತೆಗೆದು ಅರ್ಧ ದಿನ ಗಾಳಿಯಾಡಲು ಬಿಡಬೇಕು, ಲಾಟೀನು ಇಳಿಬಿಟ್ಟು ದೀಪ ಆರುತ್ತದೋ ನೋಡಬೇಕು, ಹಗೇವಿನ ಕೆಟ್ಟ ಗಾಳಿಗೆ ಸತ್ತವರನ್ನು ಅವಳು ಕಂಡಿದ್ದಾಳೆ. ‘ಅರ್ಧ ದಿನ ಇಲ್ಲಮ್ಮ, ಹತ್ತು ನಿಮಿಷ ಇದೆ’ ಎಂದು ನಮ್ಮ ಮನೆಯವರು ಅವಳನ್ನು ಹೆಚ್ಚುಕಡಿಮೆ ಎತ್ತಿಯೇ ಇಳಿಸಿದರು. ಏನೂ ಬರಲಿಲ್ಲ. ಮೇಲೆ ಬಂದವಳು ಸೀರೆ ಕೊಡವಿಕೊಳ್ಳುತ್ತ, ‘ಇಷ್ಟಕ್ಕೆ ಇಷ್ಟು ದುಡ್ಡು ಸುರಿದೆಯಾ?’ ಅಂದಳು.

ಇಲ್ಲಿನವರ ಗೊಣಗಾಟವೂ ಅದೇ. ಹತ್ತು ಎಚ್ಚರಿಕೆಯಲ್ಲಿ ಸುಮಾರು ಏಳು ಸುಳ್ಳಾಗುತ್ತವೆ. ಪಕ್ಕದ ಮನೆಯವರು ಸೈರನ್ ಕೂಗಿದರೆ ಬಿಯರ್ ಹಿಡಿದು ಮೋಡ ನೋಡಲು ಹೊರಗೆ ಬರುತ್ತಾರೆ. ನನಗೆ ಸುಳ್ಳು ಎಚ್ಚರಿಕೆಯ ಮೇಲೆ ಸಿಟ್ಟಿಲ್ಲ. 1950ಕ್ಕೆ ಮೊದಲು ಬಹುಕಾಲ, ಜನ ಗಾಬರಿಯಾಗುತ್ತಾರೆಂದು ಮುನ್ಸೂಚನೆಯಲ್ಲಿ ಟಾರ್ನೆಡೊ ಎಂಬ ಪದವನ್ನೇ ಬಳಸಬಾರದೆಂಬ ಕಟ್ಟಳೆಯಿದ್ದ ದೇಶ ಇದು. ಅಲ್ಲಿಂದ ಸುಮಾರು ಹತ್ತು ನಿಮಿಷ ಮೊದಲೇ ಹೇಳುವ ಮಟ್ಟಕ್ಕೆ ಬಂದಿದೆ; ಮೂರು ಸಲ ನಿಜವಾಗಲು ಏಳು ಸಲ ಇಳಿದು ಹತ್ತುವುದು ನನಗೆ ದುಬಾರಿಯೆನಿಸಿಲ್ಲ.

ನನ್ನ ಸಿಟ್ಟಿರುವುದು ಬೇರೆ ಕಡೆ. ಹಗೇವು ತೋಡಿಸಲು ಇಲ್ಲಿನ ರಾಜ್ಯ ಸರ್ಕಾರ ಸಹಾಯಧನ ಕೊಡುತ್ತದೆ, ಲಾಟರಿ ಎತ್ತಿ! ಹೆಸರು ಬಂದವರಿಗೆ ಉಂಟು, ಉಳಿದವರಿಗೆ ಇಲ್ಲ. ಅದೂ ಸ್ವಂತ ಮನೆಯಿದ್ದವರಿಗೆ. ಟಾರ್ನೆಡೊಗೆ ಸಾಯುವವರಲ್ಲಿ ದೊಡ್ಡ ಪಾಲು ಮೊಬೈಲ್ ಹೋಮ್‌ಗಳಲ್ಲಿರುವ ಬಡವರು. ಬುನಾದಿಗೆ ಭದ್ರವಾಗಿ ಬಿಗಿಯದ ಆ ಮನೆಗಳನ್ನು ಸಾಧಾರಣ ಗಾಳಿಯೂ ಉರುಳಿಸುತ್ತದೆ. ಇನ್ನಷ್ಟು ಬೇಗ ಎಚ್ಚರಿಸುವ ಹೊಸ ರೇಡಾರಿಗೆ ಹಣ ಕೇಳುವವರು ಬೇಕಾದಷ್ಟಿದ್ದಾರೆ. ಕೇಳಲಿ. ಆದರೆ ಹೋಗಲು ಜಾಗವಿಲ್ಲದವರಿಗೆ ಹತ್ತು ನಿಮಿಷ ಸಿಕ್ಕರೇನು, ಮೂವತ್ತು ಸಿಕ್ಕರೇನು? ಪ್ರತಿ ಶಾಲೆಗೆ, ಪ್ರತಿ ಮೊಬೈಲ್ ಹೋಮ್ ಬಡಾವಣೆಗೆ, ಪ್ರತಿ ಬಾಡಿಗೆ ಸಮುಚ್ಚಯಕ್ಕೆ ಒಂದೊಂದು ಹಗೇವು ಕಡ್ಡಾಯವಾಗಲಿ ಎಂದು ನಗರಸಭೆಯ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ. ಮಾತಿಗೆ ಮೂರು ನಿಮಿಷ ಕೊಟ್ಟರು. ಚಪ್ಪಾಳೆಯನ್ನೂ ತಟ್ಟಿದರು.

ಇಲ್ಲಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಇರುವುದೂ ಬಾಡಿಗೆ ಮನೆಗಳಲ್ಲೇ. ಹಾಸನದವಳೊಬ್ಬಳು, ರಾಯಚೂರಿನವಳೊಬ್ಬಳು ಎರಡನೆಯ ಮಹಡಿಯಲ್ಲಿದ್ದಾರೆ. ಎಚ್ಚರಿಕೆ ಬಂದರೆ ಬಾತ್‌ಟಬ್‌ನಲ್ಲಿ ಕೂತು ಮೇಲೆ ಹಾಸಿಗೆ ಎಳೆದುಕೊಳ್ಳಿ ಎಂದು ಅವರ ಬಾಗಿಲ ಹಿಂದೆ ಚೀಟಿ ಅಂಟಿಸಿದ್ದಾರೆ. ಇಬ್ಬರಿಗೂ ನಮ್ಮ ಗ್ಯಾರೇಜಿನ ನಂಬರ್ ಬೀಗದ ಗುಟ್ಟು ಹೇಳಿಕೊಟ್ಟಿದ್ದೇನೆ. ಆರು ಜನಕ್ಕೆಂದು ಮಾಡಿದ ಹಗೇವಿನಲ್ಲಿ ಹೋದ ಮೇ ತಿಂಗಳ ಒಂದು ರಾತ್ರಿ ಒಂಬತ್ತು ಜನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದೆವು. ಎಚ್ಚರಿಕೆ ಆ ಸಲವೂ ಸುಳ್ಳಾಯಿತು. ಅವರಿಬ್ಬರ ಜೊತೆ ಬಂದಿದ್ದ, ನಾನು ಹೆಸರೂ ಕೇಳಿರದ ಕೆಳಮಹಡಿಯ ಮೂವರು ಹೋಗುವಾಗ, ಮುಂದಿನ ಸಲವೂ ಬರಬಹುದೇ ಎಂದು ಕೇಳಿ ಹೋದರು.