ಕಾದು ಕೆಟ್ಟ ಎಂಜಿನು: ದುರಸ್ತಿಯೋ, ಬದಲಾವಣೆಯೋ?

ಚಾರ್ಮಾಡಿಯನ್ನೋ ಶಿರಾಡಿಯನ್ನೋ ಏರುವಾಗ ಕಾರಿನ ಉಷ್ಣತಾಸೂಚಕದ ಮುಳ್ಳು ಕೆಂಪು ಗೆರೆಯನ್ನು ದಾಟುವುದು, ಬಾನೆಟ್ಟಿನ ಸಂದುಗಳಿಂದ ಆವಿ ಏಳುವುದು ವಾಚಕರಲ್ಲಿ ಹಲವರು ಕಂಡಿರತಕ್ಕ ಸಂಗತಿಯೇ. ಮರುದಿನ ಗ್ಯಾರೇಜಿನಲ್ಲಿ ಎರಡು ಬಗೆಯ ತೀರ್ಪುಗಳು ಹೊರಡುತ್ತವೆ. “ಎಂಜಿನು ಹೋಯಿತು, ಬೇರೆಯದನ್ನೇ ಕೂರಿಸಬೇಕು” ಎನ್ನುವವರು ಕೆಲವರು. “ಪ್ಯಾಕಿಂಗ್ ಬದಲಿಸಿದರೆ ಸಾಕು” ಎನ್ನುವವರು ಕೆಲವರು. ಅಳತೆಗೆ ಮೊದಲೇ ಹೊರಟ ಈ ಎರಡು ಮಾತುಗಳನ್ನೂ ಗಾಡಿಯ ಒಡೆಯರು ಒಪ್ಪಬಾರದೆಂಬುದು ನಮ್ಮ ಅಭಿಪ್ರಾಯ. ಬಾಡಿಗೆಯ ಕಾರನ್ನೇ ಜೀವನೋಪಾಯವಾಗಿ ನಂಬಿದವನಿಗೆ ಮೊದಲನೆಯದು ಸಾಲವನ್ನು ತರುತ್ತದೆ. ಎರಡನೆಯದು ಕೆಲವೇ ದಿನಗಳಲ್ಲಿ ಅದೇ ಘಟ್ಟದ ತಿರುವಿನಲ್ಲಿ ಅವನನ್ನು ಮತ್ತೆ ನಿಲ್ಲಿಸಬಹುದು.

ಎಂಜಿನು ಮಿತಿಮೀರಿ ಕಾದಾಗ ನಡೆಯುವುದೇನು? ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸನ್ನೂ ಮೀರುತ್ತದೆ. ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯಲ್ಲಿ ಕರಗುವ ಲೋಹ. ಸುತ್ತ ಹರಿಯುವ ನೀರು ಶಾಖವನ್ನು ಎಡೆಬಿಡದೆ ಹೊತ್ತೊಯ್ಯುವುದರಿಂದಲೇ ಅದು ಉಳಿದಿರುತ್ತದೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಮಿನದು. ಕೆಳಗಿನ ಬ್ಲಾಕು ಹಲವು ಗಾಡಿಗಳಲ್ಲಿ ಎರಕದ ಕಬ್ಬಿಣದ್ದು. 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಮ್ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಬೋಲ್ಟುಗಳು ಎರಡನ್ನೂ ಬಿಗಿದು ಹಿಡಿದಿರಲಾಗಿ, ಹಿಗ್ಗಲು ಎಡೆಯಿಲ್ಲದ ಹೆಡ್ ಬಾಗುತ್ತದೆ. ತಣಿದ ಮೇಲೂ ಆ ಬಾಗು ಉಳಿಯಬಹುದು. ಆಗ ನಡುವಣ ಗ್ಯಾಸ್ಕೆಟ್, ಅಂದರೆ ಗ್ಯಾರೇಜಿನವರ ಪ್ಯಾಕಿಂಗ್, ಹಿಡಿತವನ್ನು ಕಳೆದುಕೊಂಡು ಅನಿಲವು ನೀರಿಗೂ ನೀರು ಎಣ್ಣೆಗೂ ನುಗ್ಗಲು ದಾರಿಯಾಗುತ್ತದೆ. ಬಾಗಿದ ಹೆಡ್ಡಿಗೆ ಹೊಸ ಪ್ಯಾಕಿಂಗನ್ನು ಮಾತ್ರ ಹಾಕುವುದು ವ್ಯರ್ಥವೆಂಬುದು ಇದರಿಂದ ತಿಳಿಯುವುದು.

ಕೇಳಬೇಕಾದ ಮೊದಲ ಪ್ರಶ್ನೆ, ಮುಳ್ಳು ಏರಿದ ಮೇಲೆ ಗಾಡಿಯನ್ನು ಎಷ್ಟು ಹೊತ್ತು ಓಡಿಸಿದರು ಎಂಬುದು. ಕೂಡಲೇ ನಿಲ್ಲಿಸಿದ್ದರೆ ಹಾನಿ ಹೆಡ್ಡಿನವರೆಗೆ ಮುಗಿದಿರುವ ಸಂಭವ ಹೆಚ್ಚು, ಕೆಲವೊಮ್ಮೆ ಹಾನಿಯೇ ಇರದು. ತಾನಾಗಿ ನಿಲ್ಲುವವರೆಗೆ ಓಡಿಸಿದ್ದರೆ ಎಣ್ಣೆಯ ಪದರ ಹರಿದು ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಗೀರಿರಬಹುದು. (ನೀರು ಪೂರ್ತಿ ಸೋರಿದಾಗ ಸೂಚಕವೇ ಸುಳ್ಳು ಹೇಳುವುದುಂಟು; ಅದರ ಸಂವೇದಕ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಂಬತಕ್ಕದ್ದು.)

ಎಣ್ಣೆಯ ಮುಚ್ಚಳದಡಿ ಕಾಣುವ ಕಾಫಿಬಣ್ಣದ ಕೆನೆಯನ್ನು ಕಂಡೊಡನೆ ಗಾಬರಿಗೊಳ್ಳಬೇಕಾಗಿಲ್ಲ; ಚಳಿಯಲ್ಲಿ ಸಣ್ಣ ಓಡಾಟಗಳಿಂದಲೂ ಅದು ಕೂಡುವುದು. ರೇಡಿಯೇಟರಿನ ಬಾಯಲ್ಲಿ ನೀಲಿ ದ್ರವದ ಪರೀಕ್ಷೆ ಇದಕ್ಕಿಂತ ಮೇಲು: ಇಂಗಾಲದ ಡೈಆಕ್ಸೈಡ್ ತಗುಲಿದರೆ ನೀಲಿ ಹಳದಿಗೆ ತಿರುಗುತ್ತದೆ. ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನೂ ಅಳೆಯಿಸಬೇಕು. ಆಮೇಲೆ ಹೆಡ್ಡನ್ನು ಕಳಚಿ, ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜಿನ ತೆಳು ಹಾಳೆಗಳನ್ನು ತೂರಿಸಿ ನೋಡುವುದು. ಅನೇಕ ತಯಾರಕರು ಒಪ್ಪುವ ಬಾಗು 0.05ರಿಂದ 0.1 ಮಿಲಿಮೀಟರ್, ಕೂದಲೆಳೆಯಷ್ಟು. ಅದಕ್ಕಿಂತ ತುಸು ಹೆಚ್ಚಿದ್ದರೆ ತಯಾರಕರ ಮಿತಿಯೊಳಗೆ ಹೆರೆಯಿಸಬಹುದು. ಬ್ಲಾಕಿನ ಮೇಲ್ಮೈಯನ್ನೂ ಹೀಗೆಯೇ ಅಳೆಯುವುದು ಅವಶ್ಯಕ. ಇದನ್ನೇ ಹೆಚ್ಚಿನವರು ಮರೆಯುತ್ತಾರೆ.

ಹೆಡ್ ಸೀಳಿದ್ದರೂ ಬೇರೊಂದು ಹೆಡ್ ಸಾಕು, ಎಂಜಿನು ಬೇಡ. ಬ್ಲಾಕು ಸೀಳಿದ್ದರೆ, ಗೋಡೆಗಳು ಗೀರಿ ಬೇರಿಂಗುಗಳೂ ಕೆಟ್ಟಿದ್ದರೆ ಮಾತ್ರ ಬದಲಾವಣೆಯ ಲೆಕ್ಕವನ್ನು ಗಾಡಿಯ ಬೆಲೆಯೊಡನೆ ತೂಗಿ ನೋಡಬೇಕು. ಆಗಲೂ ಹಳೆಯ ಗಾಡಿಯಿಂದ ಬಿಚ್ಚಿ ತಂದ ಎಂಜಿನು ಅಗ್ಗವೆಂದು ನಾವು ಹೇಳಲಾರೆವು. ಅದೂ ಯಾವ ಘಟ್ಟದಲ್ಲಿ ಕುದಿದಿತ್ತೋ! ಮೇಲಾಗಿ ಎಂಜಿನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ, 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ ನೋಂದಣಾಧಿಕಾರಿಯ ಅನುಮತಿಯೂ ಬೇಕು.

ದುರಸ್ತಿಯಾಗಲಿ ಬದಲಾವಣೆಯಾಗಲಿ, ಕಾಯಲು ಕಾರಣವಾದ ಕಟ್ಟಿದ ರೇಡಿಯೇಟರ್, ತಿರುಗದ ಫ್ಯಾನು, ತೆರೆಯದ ಥರ್ಮೋಸ್ಟಾಟ್ ಹಾಗೆಯೇ ಉಳಿದರೆ ಹೊಸ ಎಂಜಿನೂ ಕುದಿಯುವುದು. ಆದುದರಿಂದ ಗ್ಯಾರೇಜಿನವರು ಬಿಲ್ಲಿನಲ್ಲಿ ಮೊತ್ತದ ಜೊತೆಗೆ ಆ ಕಾರಣವನ್ನೂ, ಹೆಡ್ಡಿನ ಬಾಗು ಎಷ್ಟಿತ್ತು, ಎಷ್ಟು ಹೆರೆಯಲಾಯಿತು ಎಂಬುದನ್ನೂ ಬರೆದುಕೊಡಬೇಕೆಂದು ನಾವು ಕೇಳುತ್ತೇವೆ. ವಾಚಕರೂ ಕೇಳಲಿ.